ಪೊಮೆರೇನಿಯನ್ ನಾಯಿಯ ಸ್ವಭಾವ

ಹೊಲದ ಕಾವಲಿಗೆಂದು ಪೊಮೆರೇನಿಯನ್ ಮರಿ ತಂದು ಗುಡಿಸಲಿಗೆ ಕಟ್ಟುವವರನ್ನು ನಮ್ಮ ಸೊಲ್ಲಾಪುರದ ಕಡೆ ನಾವು ಕಾಣುತ್ತೇವೆ. ಅದು ಆ ಕೆಲಸದ ತಳಿಯಲ್ಲ. ಬಾಲ್ಟಿಕ್ ಸಮುದ್ರದ ದಂಡೆಯ ಪೊಮೆರೇನಿಯ ಸೀಮೆಯ ಹೆಸರು ಹೊತ್ತ, ಚಳಿನಾಡಿನ ಸ್ಪಿಟ್ಸ್ ಕುಲದ ನಾಯಿ. ಅಪ್ಪಟ ತಳಿ ತೂಗುವುದು 2-3 ಕಿಲೋ ಮಾತ್ರ. ನಮ್ಮಲ್ಲಿ ಆ ಹೆಸರಿನಿಂದ ಮಾರುವುದು ಬಹುಮಟ್ಟಿಗೆ ಅದಕ್ಕಿಂತ ದೊಡ್ಡದಾದ ಇಂಡಿಯನ್ ಸ್ಪಿಟ್ಸ್. ಸ್ವಭಾವ ಹೆಚ್ಚುಕಡಿಮೆ ಒಂದೇ.

ಕಿವಿ ಬಲು ಚುರುಕು. ಎಲೆ ಅಲುಗಿದರೂ ಬೊಗಳುತ್ತದೆ; ಅದರ ಕಾವಲು ಅಷ್ಟೇ. ತೋಳಕ್ಕೆ ಅದೊಂದು ತುತ್ತು. ಮನೆಯವರನ್ನು ಅಗಲಿರದು, ಒಂಟಿಯಾಗಿ ಕಟ್ಟಿದರೆ ಸಿಡುಕು ಹತ್ತುತ್ತದೆ, ಮಕ್ಕಳು ಎಳೆದಾಡಿದರೆ ಕಚ್ಚುತ್ತದೆ. ಒಳಮನೆಯ ನಾಯಿಯೆಂದು ಹುಚ್ಚುನಾಯಿ ರೋಗದ ಚುಚ್ಚುಮದ್ದು ತಪ್ಪಿಸಬಾರದು. ಮೂರು ತಿಂಗಳಿಗೆ ಮೊದಲನೆಯದು, ಆಮೇಲೆ ಪಶುವೈದ್ಯರು ಹೇಳಿದಂತೆ.

ಕೂದಲು ಎರಡು ಪದರ. ಏಪ್ರಿಲ್-ಮೇ ಬಿಸಿಲಲ್ಲಿ ಕಟ್ಟಿದರೆ ಸತ್ತೇಹೋದೀತು. ಹಾಗೆಂದು ಬೋಳಿಸಲೂ ಬಾರದು, ಬರಿಮೈ ಬಿಸಿಲಿಗೆ ಸುಡುತ್ತದೆ. ನಿತ್ಯ ಬಾಚಿ, ನೆರಳಿನ ತಂಪು ನೆಲ ಕೊಟ್ಟು, ನೀರಿಡಿರಿ.