ಕಪ್ಪೆಯೀಜಿನ ತೊಡಕು

ದೊಡ್ಡವರಾದ ಮೇಲೆ ಈಜು ಕಲಿತವರು ಕೇಳುಗರಲ್ಲಿ ಕೆಲವರಾದರೂ ಇರಬಹುದು. ಬಟರ್‌ಫ್ಲೈ ಎಂಬ ಚಿಟ್ಟೆಯೀಜಿಗೆ ಅಂಜದವರು ನಮ್ಮಲ್ಲಿ ವಿರಳ. ಅದು ಕಷ್ಟವೆಂದು ಲೋಕವೇ ಬಲ್ಲದು. ಆದುದರಿಂದ ಅಲ್ಲಿ ಸೋತರೆ ನಾಚಿಕೆಯಿಲ್ಲ. ನಮ್ಮನ್ನು ನಾಚಿಸುವುದು, ಸುಲಭವೆಂದು ಹೆಸರಾದ ಬ್ರೆಸ್ಟ್ ಸ್ಟ್ರೋಕ್, ಎಂದರೆ ಕಪ್ಪೆಯೀಜು. (ಚಿಟ್ಟೆಯೀಜು ಹುಟ್ಟಿದುದೂ ಇದರಿಂದಲೇ, ಒಲಿಂಪಿಕ್ಸಿನಲ್ಲಿ ಅದು ಪ್ರತ್ಯೇಕ ಸ್ಪರ್ಧೆಯಾದುದು 1956ರಲ್ಲಿ, ಮೆಲ್ಬರ್ನಿನಲ್ಲಿ.) ಕೈ ಬೀಸುತ್ತೇವೆ, ಕಾಲು ಒದೆಯುತ್ತೇವೆ, ಮೈ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಕುಂದು ತೋಳಿನಲ್ಲಿಲ್ಲ, ಪಾದದಲ್ಲಿದೆ. ಮಿಕ್ಕ ಈಜುಗಳಲ್ಲಿ ಕಾಲ್ಬೆರಳುಗಳು ಹಿಂದಕ್ಕೆ ಚಾಚಿರಬೇಕು. ಇಲ್ಲಿಯಾದರೋ ಹಿಮ್ಮಡಿಗಳನ್ನು ಪೃಷ್ಠದ ಕಡೆಗೆ ಎಳೆದುಕೊಂಡು, ಪಾದಗಳನ್ನು ಮೇಲಕ್ಕೆ ಮಡಿಸಿ, ಹೊರಕ್ಕೆ ತಿರುಗಿಸಬೇಕು. ಆಗಲೇ ಅವು ದೋಣಿಯ ಹುಟ್ಟಿನಂತೆ ನೀರನ್ನು ಹಿಂದಕ್ಕೆ ತಳ್ಳುವುವು. ಮುನ್ನಡೆಯ ಹೆಚ್ಚಿನ ಪಾಲು ಈ ಒದೆತದಿಂದಲೇ. ಎಳೆಯರ ಕೀಲುಗಳು ಇದಕ್ಕೆ ಬಳುಕುತ್ತವೆ. ಬಹುಕಾಲ ಕುರ್ಚಿಯಲ್ಲಿ ಕುಳಿತವರ ಸೊಂಟವೂ ಹರಡೂ ಬೇಗನೆ ಒಪ್ಪುವುದಿಲ್ಲ. ಬಲವಂತಪಡಿಸಿದರೆ ಮೊಣಕಾಲಿನ ಒಳಪಕ್ಕ ನೋಯುತ್ತದೆ.

ಆದಕಾರಣ ಮೊದಲು ಕೊಳದ ಅಂಚನ್ನು ಹಿಡಿದು, ಮೊಣಕಾಲುಗಳನ್ನು ಬಹಳ ಅಗಲಿಸದೆ, ನಿಧಾನವಾಗಿ ಒದೆದು ನೋಡಬೇಕು. ಮುಂದೆ ಈಜುವಾಗ, ಒದೆದ ಬಳಿಕ ಕಾಲು ಜೋಡಿಸಿ, ಮೈ ಚಾಚಿ, ಎರಡೆಣಿಸುವಷ್ಟು ಹೊತ್ತು ಸುಮ್ಮನೆ ಜಾರಬೇಕು. ಅವಸರದಲ್ಲಿ ನಾವು ಬಿಟ್ಟುಬಿಡುವುದು ಇದನ್ನೇ.