ಬೋಗುಣಿಯಲ್ಲಿ ಒಂದು ಸೀಟು, ನಕಾಶೆಯಲ್ಲಿ ಒಂದು ಗೆರೆ

2018ರ ಜನವರಿ 4. ಅಮೆರಿಕದ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡ್. ಸರ್ಕಾರಿ ಕಟ್ಟಡವೊಂದರಲ್ಲಿ ಮೇಜಿನ ಮೇಲೆ ನೀಲಿ-ಬಿಳಿ ಬಣ್ಣದ ಪಿಂಗಾಣಿ ಬೋಗುಣಿ ಇಟ್ಟಿದ್ದರು. ಸ್ಥಳೀಯ ಕಲಾವಿದರೊಬ್ಬರು ಮಾಡಿದ ಬೋಗುಣಿ ಅದು, ಅಲ್ಲಿನ ಕಲಾ ಸಂಗ್ರಹಾಲಯದಿಂದ ಆ ದಿನದ ಮಟ್ಟಿಗೆ ತಂದದ್ದು. ಎರಡು ಹೆಸರು ಬರೆದ ಎರಡು ಚೀಟಿಗಳನ್ನು ಹಳೆಯ ಕ್ಯಾಮೆರಾಗಳ ಫಿಲ್ಮ್ ರೋಲ್ ಇಡುವ ಪುಟ್ಟ ಡಬ್ಬಿಗಳೊಳಗೆ ಹಾಕಿ, ಡಬ್ಬಿಗಳನ್ನು ಬೋಗುಣಿಗೆ ಬಿಟ್ಟು ಕಲಕಿದರು. ರಾಜ್ಯ ಚುನಾವಣಾ ಮಂಡಳಿಯ ಅಧ್ಯಕ್ಷ ಜೇಮ್ಸ್ ಆಲ್ಕಾರ್ನ್ ಒಂದು ಡಬ್ಬಿ ಎತ್ತಿ, ಚೀಟಿ ಬಿಡಿಸಿ ಓದಿದರು: ಡೇವಿಡ್ ಯಾನ್ಸಿ.

ಇಷ್ಟರಿಂದ ನ್ಯೂಪೋರ್ಟ್ ನ್ಯೂಸ್ ನಗರದ 94ನೇ ಕ್ಷೇತ್ರಕ್ಕೆ ಶಾಸಕರು ಸಿಕ್ಕರು. ರಾಜ್ಯ ಶಾಸನಸಭೆಯ ಕೆಳಮನೆ ಯಾರ ಕೈಯಲ್ಲಿರಬೇಕು ಎಂಬುದೂ ಅದೇ ಚೀಟಿಯಿಂದ ತೀರ್ಮಾನವಾಯಿತು. ನೂರು ಸದಸ್ಯರ ಆ ಮನೆಯಲ್ಲಿ ರಿಪಬ್ಲಿಕನ್ನರು 50, ಡೆಮಾಕ್ರಟರು 49 ಆಗಿ ನಿಂತಿದ್ದರು. ಬೋಗುಣಿಯಿಂದ ಶೆಲಿ ಸೈಮಂಡ್ಸ್ ಹೆಸರು ಬಂದಿದ್ದರೆ 50-50 ಆಗುತ್ತಿತ್ತು. ಬಂದದ್ದು ಯಾನ್ಸಿ ಹೆಸರು, ಆದ್ದರಿಂದ 51-49.

ಎಣಿಕೆ ಅಲ್ಲಿಯವರೆಗೆ ಬಂದ ದಾರಿ ತಿಳಿಯಬೇಕಾದದ್ದು. 2017ರ ನವೆಂಬರ್ 7ರ ಮತದಾನದ ನಂತರ ಆಗಿನ ಶಾಸಕ, ರಿಪಬ್ಲಿಕನ್ ಯಾನ್ಸಿ 10 ಮತಗಳಿಂದ ಮುಂದಿದ್ದರು. ಡೆಮಾಕ್ರಟಿಕ್ ಪಕ್ಷದ ಸೈಮಂಡ್ಸ್ ಮರುಎಣಿಕೆ ಕೇಳಿದರು. ಡಿಸೆಂಬರ್ 19ರಂದು ಮರುಎಣಿಕೆ ಮುಗಿದಾಗ ಲೆಕ್ಕ ತಿರುಗಿತ್ತು: ಸೈಮಂಡ್ಸ್ 11,608, ಯಾನ್ಸಿ 11,607. ಒಂದೇ ಒಂದು ಮತದ ಗೆಲುವು. ಮರುದಿನ ಮೂವರು ನ್ಯಾಯಾಧೀಶರು ಆ ಫಲಿತಾಂಶಕ್ಕೆ ಸಹಿ ಹಾಕಬೇಕಿತ್ತು. ಅಷ್ಟರಲ್ಲಿ ರಿಪಬ್ಲಿಕನ್ ಕಡೆಯಿಂದ ಮರುಎಣಿಕೆಯಲ್ಲಿ ಕುಳಿತಿದ್ದ ಒಬ್ಬರು ನ್ಯಾಯಾಲಯಕ್ಕೆ ಪತ್ರ ಬರೆದು, ಹಿಂದಿನ ದಿನ ಅಸಿಂಧು ಎಂದು ಪಕ್ಕಕ್ಕಿಟ್ಟ ಒಂದು ಮತಪತ್ರವನ್ನು ಮತ್ತೆ ನೋಡಬೇಕೆಂದು ಕೇಳಿದರು.

ಆ ಮತಪತ್ರ ತುಂಬಿದವರು ಯಾರೋ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಅವರು ಇಬ್ಬರ ಹೆಸರಿನ ಮುಂದಿನ ವೃತ್ತಗಳನ್ನೂ ಶಾಯಿಯಿಂದ ತುಂಬಿದ್ದರು. ಸೈಮಂಡ್ಸ್ ಹೆಸರಿನ ವೃತ್ತದ ಮೇಲೆ ಮಾತ್ರ ಓರೆಯಾಗಿ ಒಂದು ಗೀಟು ಎಳೆದಿದ್ದರು. ಅದೇ ಹಾಳೆಯಲ್ಲಿ ರಾಜ್ಯಮಟ್ಟದ ಹುದ್ದೆಗಳಿಗೆ ರಿಪಬ್ಲಿಕನ್ನರ ವೃತ್ತಗಳೇ ತುಂಬಿದ್ದವು. ಗವರ್ನರ್ ಹುದ್ದೆಯ ರಿಪಬ್ಲಿಕನ್ ಅಭ್ಯರ್ಥಿಯ ಮುಂದೆ ತುಂಬಿದ ವೃತ್ತದ ಮೇಲೂ ಒಂದು ಕತ್ತರಿ ಗುರುತು ಇತ್ತು. ಗೀಟೆಂದರೆ ‘ಬೇಡ’ ಎಂದೋ, ‘ಇದೇ’ ಎಂದೋ? ನ್ಯಾಯಾಧೀಶರು ಅದನ್ನು ಯಾನ್ಸಿಯ ಮತ ಎಂದು ಲೆಕ್ಕಕ್ಕೆ ಹಿಡಿದರು. 11,608-11,608. ಸಮಬಲ ಬಂದರೆ ಚೀಟಿ ಎತ್ತಬೇಕೆಂಬುದು ವರ್ಜೀನಿಯಾದ ಕಾನೂನು.

ಅಂದು ಪ್ರಪಂಚದ ಪತ್ರಿಕೆಗಳೆಲ್ಲ ಆ ಬೋಗುಣಿಯ ಚಿತ್ರ ಹಾಕಿದವು. ಪ್ರಜಾಪ್ರಭುತ್ವ ಜೂಜಾಯಿತೆಂದು ಬರೆದವರೂ ಇದ್ದರು. ನನಗೆ ಹಾಗೆ ಅನ್ನಿಸುವುದಿಲ್ಲ. ಚೀಟಿ ಎತ್ತುವುದು ನಮ್ಮ ಕಾನೂನಿನಲ್ಲೂ ಇದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಮಿನ ಪ್ರಕಾರ, ಮತಗಳು ಸಮವಾದರೆ ಯಾರ ಹೆಸರಿನ ಚೀಟಿ ಬರುತ್ತದೋ ಅವರಿಗೆ ಒಂದು ಮತ ಹೆಚ್ಚಾಗಿ ಬಂದಂತೆ. ಎಲ್ಲರ ಕಣ್ಣೆದುರು, ಎರಡೂ ಕಡೆಯವರು ನಿಂತು ನೋಡುತ್ತಿರುವಾಗ ಎತ್ತಿದ ಚೀಟಿಯಲ್ಲಿ ಮೋಸವಿಲ್ಲ. ಸೈಮಂಡ್ಸ್ ಆರು ದಿನ ಯೋಚಿಸಿ, ಅಧಿವೇಶನ ಶುರುವಾದ ದಿನ ಸೋಲು ಒಪ್ಪಿಕೊಂಡರು. ಮೋಸ ಬೇರೆ ಕಡೆ ಇತ್ತು. ಅದು ಮತ ಹಾಕುವುದಕ್ಕೂ ಆರು ವರ್ಷ ಮೊದಲೇ, ನಕಾಶೆ ಹರಡಿದ್ದ ಮೇಜಿನ ಮೇಲೆ ನಡೆದಿತ್ತು.

ಮೊದಲು ಸಣ್ಣ ತಪ್ಪುಗಳನ್ನು ನೋಡೋಣ. ಅದೇ ಚುನಾವಣೆಯಲ್ಲಿ ಫ್ರೆಡರಿಕ್ಸ್‌ಬರ್ಗ್ ಸುತ್ತಲಿನ 28ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಬಾಬ್ ಥಾಮಸ್ 73 ಮತಗಳಿಂದ ಗೆದ್ದರು. ಆ ಭಾಗದಲ್ಲಿ 147 ಮತದಾರರಿಗೆ ತಮ್ಮದಲ್ಲದ ಕ್ಷೇತ್ರದ ಮತಪತ್ರ ಕೊಟ್ಟಿದ್ದರೆಂದು ಆಮೇಲೆ ಬಯಲಾಯಿತು. ಗೆಲುವಿನ ಅಂತರದ ಎರಡರಷ್ಟು ಜನ! ಮರುಚುನಾವಣೆ ಕೇಳಿದವರಿಗೆ ಸಿಗಲಿಲ್ಲ. 94ನೇ ಕ್ಷೇತ್ರದ ಕಥೆ ಇನ್ನೂ ಹೊಟ್ಟೆ ಉರಿಸುವಂಥದ್ದು. 2018ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ದಾಖಲೆ ಕೆದಕಿ ನೋಡಿದಾಗ, 94ರಲ್ಲಿ ಮತ ಹಾಕಬೇಕಿದ್ದ 26 ಮಂದಿಯನ್ನು ಅಧಿಕಾರಿಗಳು ಪಕ್ಕದ ಕ್ಷೇತ್ರಕ್ಕೆ ಸೇರಿಸಿದ್ದು ಕಂಡುಬಂತು. ಹೆಚ್ಚಾಗಿ ಕಪ್ಪು ಜನರಿರುವ, ಡೆಮಾಕ್ರಟರ ಕಡೆ ವಾಲುವ ಪ್ರದೇಶ ಅದು. ಒಂದು ಗೀಟಿನ ಅರ್ಥಕ್ಕಾಗಿ ಮೂವರು ನ್ಯಾಯಾಧೀಶರು ತಲೆ ಕೆಡಿಸಿಕೊಂಡಿದ್ದಾಗ, ನಕಾಶೆಯ ಇನ್ನೊಂದು ಗೆರೆಯ ಆಚೆ 26 ಮತಗಳು ಬಿದ್ದಿದ್ದವು. ಅವನ್ನು ಎಣಿಸುವ ದಾರಿಯೇ ಇರಲಿಲ್ಲ.

ಕೈತಪ್ಪಿ ಆದ ತಪ್ಪುಗಳು ಇವು. ಬೇಕೆಂದೇ ಎಳೆದ ಗೆರೆಯ ಲೆಕ್ಕ ಬೇರೆ. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದ ಮೇಲೆ ಕ್ಷೇತ್ರಗಳ ಗಡಿ ಬದಲಿಸುತ್ತಾರೆ. ಹೆಚ್ಚಿನ ರಾಜ್ಯಗಳಲ್ಲಿ ಆ ಕೆಲಸ ಶಾಸಕರದ್ದೇ. ತಮ್ಮನ್ನು ಆರಿಸುವ ಮತದಾರರನ್ನು ಅವರೇ ಆರಿಸಿಕೊಳ್ಳುತ್ತಾರೆ. ಇದರಿಂದ ಏನು ಮಾಡಬಹುದು? ಒಂದು ಸೀಮೆಯಲ್ಲಿ 500 ಮತದಾರರು, ಐದು ಕ್ಷೇತ್ರ, ತಲಾ 100 ಜನ ಎಂದುಕೊಳ್ಳಿ. ಮಾವಿನ ಗುರುತಿನ ಪಕ್ಷಕ್ಕೆ 300 ಜನರ ಒಲವು, ಹಲಸಿನ ಗುರುತಿನ ಪಕ್ಷಕ್ಕೆ 200. ಗೆರೆ ಎಳೆಯುವ ಕೈ ಹಲಸಿನವರದಾದರೆ, ಮಾವಿನವರಲ್ಲಿ 200 ಜನರನ್ನು ಎರಡೇ ಕ್ಷೇತ್ರಗಳಿಗೆ ಗಿಡಿದು ತುಂಬುತ್ತಾರೆ. ಉಳಿದ ನೂರು ಜನರನ್ನು ಮೂರು ಕ್ಷೇತ್ರಗಳಿಗೆ ಚದುರಿಸುತ್ತಾರೆ. ಆ ಮೂರರಲ್ಲೂ ಹಲಸಿನವರು 66-67, ಮಾವಿನವರು 33-34. ಕೊನೆಗೆ 300 ಜನರಿಗೆ ಎರಡು ಸೀಟು, 200 ಜನರಿಗೆ ಮೂರು. ಒಂದು ಕಳ್ಳಮತವೂ ಬಿದ್ದಿಲ್ಲ, ಎಣಿಕೆಯೂ ಅಚ್ಚುಕಟ್ಟು.

ಈ ಚಾಳಿಗೆ ಇನ್ನೂರು ವರ್ಷದ ಹಳೆಯ ಹೆಸರಿದೆ. 1812ರಲ್ಲಿ ಮಸಾಚುಸೆಟ್ಸ್ ಗವರ್ನರ್ ಎಲ್ಬ್ರಿಜ್ ಗೆರಿ ಸಹಿ ಹಾಕಿದ ನಕಾಶೆಯಲ್ಲಿ ಒಂದು ಕ್ಷೇತ್ರ, ನೋಡಲು ಹಲ್ಲಿಯನ್ನು ಹೋಲುವ ಸಾಲಮ್ಯಾಂಡರ್ ಪ್ರಾಣಿಯಂತೆ ಸುತ್ತಿ ಬಳಸಿತ್ತು. ಬಾಸ್ಟನ್ನಿನ ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬರೆದು ‘ಗೆರಿಮ್ಯಾಂಡರ್’ ಎಂದು ಕರೆಯಿತು. ಸ್ವಾತಂತ್ರ್ಯದ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬರು ಈ ಗೆರಿ, ಮುಂದೆ ಉಪರಾಷ್ಟ್ರಪತಿಯೂ ಆದರು. ಜನರ ನಾಲಿಗೆಯಲ್ಲಿ ಉಳಿದದ್ದು ಆ ಪ್ರಾಣಿಯ ಹೆಸರಷ್ಟೇ.

ವರ್ಜೀನಿಯಾಕ್ಕೆ ಮರಳೋಣ. 2017ರಲ್ಲಿ ಡೆಮಾಕ್ರಟಿಕ್ ಪಕ್ಷದ ರಾಲ್ಫ್ ನಾರ್ತಮ್ ಸುಮಾರು ಶೇ 9 ಮತಗಳ ಅಂತರದಿಂದ ಗವರ್ನರ್ ಆಗಿ ಗೆದ್ದರು. ಅದೇ ದಿನ, ಅದೇ ಮತದಾರರು ಆರಿಸಿದ ಕೆಳಮನೆಯಲ್ಲಿ ಅವರ ಪಕ್ಷ ಒಂದು ಚೀಟಿಗಾಗಿ ಕಾಯಬೇಕಾಯಿತು. 2011ರ ನಕಾಶೆ ಬರೆದಿದ್ದವರು ರಿಪಬ್ಲಿಕನ್ನರು. 12 ಕ್ಷೇತ್ರಗಳಲ್ಲಿ ಕಪ್ಪು ಮತದಾರರು ಕನಿಷ್ಠ ಶೇ 55 ಇರಲೇಬೇಕೆಂದು ಅಳತೆ ಇಟ್ಟುಕೊಂಡು ಅವರನ್ನು ಅಲ್ಲಲ್ಲೇ ತುಂಬಿಸಿದ್ದರು. ಪಕ್ಕದ ಕ್ಷೇತ್ರಗಳಲ್ಲಿ ಅವರ ದನಿ ತೆಳುವಾಯಿತು. ಇದರ ವಿರುದ್ಧ ಮತದಾರರು ಹೂಡಿದ ದಾವೆ ವರ್ಷಗಟ್ಟಲೆ ನಡೆಯಿತು. 2018ರ ಜೂನ್‌ನಲ್ಲಿ ಫೆಡರಲ್ ನ್ಯಾಯಪೀಠ 11 ಕ್ಷೇತ್ರಗಳ ಗಡಿ ಸಂವಿಧಾನಕ್ಕೆ ವಿರುದ್ಧ ಎಂದಿತು. ಹೊಸ ನಕಾಶೆಯಲ್ಲಿ 2019ರ ನವೆಂಬರ್‌ನಲ್ಲಿ ಚುನಾವಣೆ ನಡೆದಾಗ ಡೆಮಾಕ್ರಟರು 55, ರಿಪಬ್ಲಿಕನ್ನರು 45. 94ರಲ್ಲಿ ಸೈಮಂಡ್ಸ್ ಯಾನ್ಸಿಯನ್ನು ಸೋಲಿಸಿದರು. ಈ ಸಲ ಬೋಗುಣಿ ಬೇಕಾಗಲಿಲ್ಲ.

ದಾವೆಯಲ್ಲಿ ಗೆಲುವು ಬಂದದ್ದು ಜನಾಂಗದ ಲೆಕ್ಕದಲ್ಲಿ ಗೆರೆ ಎಳೆದದ್ದು ಸಾಬೀತಾಯಿತೆಂದು. ಬರೀ ಪಕ್ಷದ ಲಾಭಕ್ಕೆ ಎಳೆದಿದ್ದರೆ? 2019ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ 5-4ರ ತೀರ್ಪಿನಲ್ಲಿ, ಅದು ಫೆಡರಲ್ ನ್ಯಾಯಾಲಯಗಳು ಬಗೆಹರಿಸುವ ಪ್ರಶ್ನೆಯಲ್ಲ ಎಂದು ಕೈತೊಳೆದುಕೊಂಡಿತು. ಬಾಗಿಲು ಮುಚ್ಚಿದ್ದು ಆ ದಿನ.

ರಿಪಬ್ಲಿಕನ್ನರು ಕೆಟ್ಟವರು, ಡೆಮಾಕ್ರಟರು ಒಳ್ಳೆಯವರು ಎಂದು ಇಲ್ಲಿಗೆ ಓದು ನಿಲ್ಲಿಸಬೇಡಿ. ಮುಂದಿನ ಭಾಗ ನನ್ನನ್ನು ಹೆಚ್ಚು ಕಾಡಿದ್ದು. ನಕಾಶೆ ಬರೆಯುವ ಕೆಲಸವನ್ನು ಆಯೋಗಕ್ಕೆ ಕೊಡಲು ಸಂವಿಧಾನ ತಿದ್ದುಪಡಿಗೆ ವರ್ಜೀನಿಯಾ ಹೊರಟಿತು. ತಿದ್ದುಪಡಿಯನ್ನು ಶಾಸನಸಭೆ ಎರಡು ಸಲ, ನಡುವೆ ಒಂದು ಚುನಾವಣೆ ಕಳೆದು ಒಪ್ಪಬೇಕು. ಆಮೇಲೆ ಜನ ಒಪ್ಪಬೇಕು. 2019ರಲ್ಲಿ, ಇನ್ನೂ ವಿರೋಧ ಪಕ್ಷದಲ್ಲಿದ್ದಾಗ, ಹೆಚ್ಚಿನ ಡೆಮಾಕ್ರಟರು ಕೈ ಎತ್ತಿದರು. ಅಧಿಕಾರ ಬಂದ ಮೇಲೆ, 2020ರ ಮಾರ್ಚ್‌ನಲ್ಲಿ ಅದೇ ತಿದ್ದುಪಡಿ ಕೆಳಮನೆಗೆ ಬಂದಾಗ ಅವರಲ್ಲಿ ಬೆಂಬಲ ಕೊಟ್ಟವರು 9 ಜನ ಮಾತ್ರ. 45 ರಿಪಬ್ಲಿಕನ್ನರ ಜೊತೆ ಸೇರಿ 54-46ರಲ್ಲಿ ಅದು ಪಾರಾಯಿತು. ಒಂಬತ್ತು ವರ್ಷ ಹಿಂದೆ ತಾನೇ ನಕಾಶೆ ಬರೆದಿದ್ದ ಪಕ್ಷ ಈಗ ನ್ಯಾಯದ ಮಾತಾಡಿತು, ನ್ಯಾಯ ಕೇಳುತ್ತ ಬಂದ ಪಕ್ಷ ಪೆನ್ನು ಬಿಡಲು ಹಿಂಜರಿಯಿತು. ಆ ಒಂಬತ್ತು ಮಂದಿಗೆ ನನ್ನ ನಮಸ್ಕಾರ. ಅದೇ ವರ್ಷದ ನವೆಂಬರ್‌ನಲ್ಲಿ ಮತದಾರರು ಸುಮಾರು ಮೂರರಲ್ಲಿ ಎರಡು ಪಾಲು ಬೆಂಬಲ ಕೊಟ್ಟು ತಿದ್ದುಪಡಿಯನ್ನು ಗೆಲ್ಲಿಸಿದರು. ಜನರ ಮನಸ್ಸಿನಲ್ಲಿ ಗೊಂದಲವಿರಲಿಲ್ಲ.

ಆಯೋಗವೇನೂ ಮಂತ್ರದಂಡವಾಗಲಿಲ್ಲ. ಎಂಟು ಶಾಸಕರು, ಎಂಟು ನಾಗರಿಕರು ಕೂತು ಜಗಳವಾಡಿ 2021ರ ಅಕ್ಟೋಬರ್‌ನಲ್ಲಿ ಕೈಚೆಲ್ಲಿದರು. ಕೆಲಸ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. ಒಂದೊಂದು ಪಕ್ಷ ಸೂಚಿಸಿದ ಒಬ್ಬೊಬ್ಬರಂತೆ ಬರ್ನಾರ್ಡ್ ಗ್ರಾಫ್ಮನ್, ಶಾನ್ ಟ್ರೆಂಡೆ ಎಂಬ ಇಬ್ಬರು ತಜ್ಞರು ಸೇರಿ ನಕಾಶೆ ಬರೆದರು. ಹಾಲಿ ಶಾಸಕರ ಮನೆ ಎಲ್ಲಿದೆ ಎಂದು ನೋಡುತ್ತ ಕೂರಲಿಲ್ಲ, ಹಲವರು ಒಂದೇ ಕ್ಷೇತ್ರದಲ್ಲಿ ಸಿಕ್ಕಿಬಿದ್ದರು. ಆ ನಕಾಶೆಯಲ್ಲಿ ಡೆಮಾಕ್ರಟರ ಪರ 2023ರಲ್ಲಿ 51-49, 2025ರಲ್ಲಿ 64-36. ಗಾಳಿ ಬದಲಾದಾಗ ಸೀಟುಗಳೂ ಬದಲಾಗಬೇಕು, ಒಳ್ಳೆಯ ನಕಾಶೆಗೆ ನಾನು ಇಡುವ ಪರೀಕ್ಷೆ ಇಷ್ಟೇ.

ಆದರೆ 2025ರಲ್ಲಿ ಹತ್ತು ವರ್ಷ ಕಾಯುವ ಮರ್ಯಾದೆಯೂ ಹೋಯಿತು. ಟೆಕ್ಸಾಸ್ ರಿಪಬ್ಲಿಕನ್ನರು ಸಂಸತ್ತಿನ ಐದು ಸೀಟು ಹೆಚ್ಚು ಗಿಟ್ಟಿಸಲು ನಡುದಾರಿಯಲ್ಲೇ ನಕಾಶೆ ಬದಲಿಸಿದರು. ತಡೆಯಲು ಅಲ್ಲಿನ ಡೆಮಾಕ್ರಟಿಕ್ ಶಾಸಕರು ಸದನಕ್ಕೆ ಕೋರಂ ಆಗದಂತೆ ರಾಜ್ಯ ಬಿಟ್ಟು ಹೋದರೂ ಫಲ ಸಿಗಲಿಲ್ಲ. ಉತ್ತರವಾಗಿ ಕ್ಯಾಲಿಫೋರ್ನಿಯಾ ತನ್ನ ಸ್ವತಂತ್ರ ಆಯೋಗದ ನಕಾಶೆಯನ್ನು ಬದಿಗಿಟ್ಟು, ನವೆಂಬರ್ 4ರ ಜನಮತದಲ್ಲಿ ಡೆಮಾಕ್ರಟರಿಗೆ ಅನುಕೂಲವಾದದ್ದನ್ನು ಒಪ್ಪಿಕೊಂಡಿತು. ವರ್ಜೀನಿಯಾದ ಡೆಮಾಕ್ರಟರೂ ಅಕ್ಟೋಬರ್ ಕೊನೆಯಲ್ಲಿ, ಜನ ಐದು ವರ್ಷ ಹಿಂದೆ ಕೊಟ್ಟ ತೀರ್ಪನ್ನು ದಾಟುವ ತಿದ್ದುಪಡಿಗೆ ಕೈಹಾಕಿದರು. ಅವರು ಮಾಡಿದರೆಂದು ನಾವೂ ಮಾಡುತ್ತೇವೆ ಎಂಬ ವಾದ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಡಿಸೆಂಬರ್ 11ರಂದು ಇಂಡಿಯಾನಾ ರಾಜ್ಯದ ಸೆನೆಟ್‌ನಲ್ಲಿ ಬೇರೆಯದೇ ನಡೆಯಿತು. ಅಧ್ಯಕ್ಷ ಟ್ರಂಪ್ ಅವರ ಒತ್ತಡವಿದ್ದರೂ 21 ರಿಪಬ್ಲಿಕನ್ನರು ತಮ್ಮದೇ ಪಕ್ಷಕ್ಕೆ ಲಾಭವಾಗುವ ನಕಾಶೆಯನ್ನು ತಿರಸ್ಕರಿಸಿದರು. 31-19. ಹಾಗೂ ಆಗಬಹುದು.

ನಮಗೇಕೆ ಈ ಊರ ಹೊರಗಿನ ಕಥೆ? ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯನ್ನು ನೆನೆಯಿರಿ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಒಂದು ಮತದ ಆ ಗೆಲುವನ್ನು ಇಂದಿಗೂ ಪ್ರತಿ ಚುನಾವಣೆಯಲ್ಲಿ ನೆನೆಯುತ್ತೇವೆ. ಆಮೇಲೆ ಆ ಕ್ಷೇತ್ರಕ್ಕೆ ಏನಾಯಿತೆಂದು ಕೇಳುವವರು ಕಡಿಮೆ. ಕ್ಷೇತ್ರ ಮರುವಿಂಗಡಣೆಯ ನಂತರ 2008ರಲ್ಲಿ, ಹೊಸ ಗಡಿಗಳ ಮೇಲೆ ದೇಶದಲ್ಲೇ ಮೊದಲು ಚುನಾವಣೆಗೆ ಹೋದ ರಾಜ್ಯ ಕರ್ನಾಟಕ. ಸಂತೇಮರಹಳ್ಳಿ ಕ್ಷೇತ್ರ ಆಗ ಇಲ್ಲವಾಯಿತು. ಧ್ರುವನಾರಾಯಣ 2008ರಲ್ಲಿ ಕೊಳ್ಳೇಗಾಲದಿಂದ ಗೆದ್ದರು. ಕೃಷ್ಣಮೂರ್ತಿ 2023ರಲ್ಲಿ ಅದೇ ಕೊಳ್ಳೇಗಾಲದಿಂದ ವಿಧಾನಸಭೆಗೆ ಬಂದರು. ಒಂದು ಮತ ಇಬ್ಬರ ಹಣೆಬರಹ ಬರೆಯಿತು, ಒಂದು ಗೆರೆ ಕ್ಷೇತ್ರವನ್ನೇ ಅಳಿಸಿತು.

ನಮ್ಮಲ್ಲಿ ಪೆನ್ನು ಶಾಸಕರ ಕೈಯಲ್ಲಿಲ್ಲ, ಅದು ನಮ್ಮ ಪುಣ್ಯ. 2002ರ ಮರುವಿಂಗಡಣಾ ಕಾಯ್ದೆಯಡಿ ಬಂದ ಆಯೋಗದ ಮುಖ್ಯಸ್ಥರು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಗಿದ್ದರು. ಸಂಸದರು, ಶಾಸಕರು ಸಹಸದಸ್ಯರಾಗಿ ಕೂರಬಹುದಿತ್ತು, ಮತ ಹಾಕುವಂತಿರಲಿಲ್ಲ. ಇನ್ನೊಂದು ಮಾತೂ ಅದೇ ಕಾಯ್ದೆಯಲ್ಲಿದೆ: ಅಂತಿಮ ಆದೇಶ ಹೊರಬಿದ್ದ ಮೇಲೆ ಅದನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ. ಹಾಗಾಗಿ ಕೇಳುವುದೆಲ್ಲ ಅದಕ್ಕೆ ಮೊದಲೇ ಕೇಳಬೇಕು. ಮುಂದಿನ ಮರುವಿಂಗಡಣೆಯಲ್ಲಿ ದಕ್ಷಿಣಕ್ಕೆ ಎಷ್ಟು ಸೀಟು ಸಿಗುತ್ತದೆ, ಎಷ್ಟು ಹೋಗುತ್ತದೆ ಎಂಬ ಚರ್ಚೆ ಜೋರಾಗಿದೆ, ಆಗಬೇಕಾದದ್ದೇ. ಜೊತೆಗೆ ಆ ಸೀಟುಗಳ ಗಡಿ ಯಾವ ಹೋಬಳಿಯನ್ನು ಸೀಳಿ ಹೋಗುತ್ತದೆ ಎಂಬುದನ್ನೂ ನೋಡುವವರು ಬೇಕು.

ಆಯೋಗ ಮೊದಲು ಕರಡನ್ನು ಗೆಜೆಟ್‌ನಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ದಿನ ಗೊತ್ತುಮಾಡಿ, ಬಹಿರಂಗ ಸಭೆ ನಡೆಸಬೇಕೆಂಬುದು ಹಿಂದಿನ ಸಲ ಪಾಲಿಸಿದ ಕ್ರಮ. ಮುಂದಿನ ಕರಡು ಬಂದಾಗ ಅದನ್ನು ಪಕ್ಷದ ಕಚೇರಿಗಳಿಗೆ ಬಿಡಬೇಡಿ. ನಿಮ್ಮ ಊರಿನ ಹೆಸರು ಯಾವ ಕ್ಷೇತ್ರದ ಪಟ್ಟಿಯಲ್ಲಿದೆ, ನಿಮ್ಮ ಸಂತೆ, ಶಾಲೆ, ತಾಲ್ಲೂಕು ಕಚೇರಿ ಯಾವ ಕಡೆ ಬಿದ್ದಿದೆ ಎಂದು ಬೆರಳಿಟ್ಟು ನೋಡಿ. ಸರಿಯಿಲ್ಲದಿದ್ದರೆ ಗಡುವಿನೊಳಗೆ ಬರೆದು ಕೊಡಿ, ಸಭೆಗೆ ಹೋಗಿ ಎದ್ದು ನಿಂತು ಹೇಳಿ.