ಕರುಳಿನ ಉರಿಯೂತ: ಹೊಟ್ಟೆಯ ಮೇಲಿನಿಂದಲೇ ನೋಡುವ ಪರೀಕ್ಷೆ

ಮಲದಲ್ಲಿ ರಕ್ತ ಕಂಡರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ‘ಉಷ್ಣವಾಗಿದೆ’ ಎಂಬುದು. ಎರಡನೆಯದು ‘ಮೂಲವ್ಯಾಧಿ’ ಎಂಬುದು. ಮಜ್ಜಿಗೆ, ಮೆಂತ್ಯ, ಎಳನೀರು ಎಲ್ಲವೂ ಆಗಿ, ಯಾರೋ ಹೇಳಿದ ನಾಟಿ ಔಷಧಿಯೂ ಮುಗಿದು, ಹುಡುಗನ ಮುಖ ಬಿಳಿಚಿಕೊಂಡ ಮೇಲಷ್ಟೇ ವೈದ್ಯರ ನೆನಪಾಗುವುದು. ಹುಡುಗಿಯಾದರೆ ಇನ್ನೂ ತಡ. ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯಲ್ಲಿ, ದಿನಕ್ಕೆ ಏಳೆಂಟು ಬಾರಿ ಶೌಚಕ್ಕೆ ಹೋಗಬೇಕಾಗಿರುವ ಸಂಗತಿಯನ್ನು ತಾಯಿಗೂ ತಿಳಿಸದೆ ನುಂಗಿಕೊಳ್ಳುವವರಿದ್ದಾರೆ. ದಾಸೋಹದ ಪಂಕ್ತಿಯಲ್ಲಿ ಯುವಕನೊಬ್ಬ ಬಡಿಸಿದ್ದನ್ನು ಉಣ್ಣದೆ ಎದ್ದರೆ ‘ಪ್ರಸಾದ ಕೆಡಿಸಿದ’ ಎಂದು ನಾವು ಗೊಣಗುತ್ತೇವೆ. ಅವನ ಹೊಟ್ಟೆಯಲ್ಲಿ ಏನು ನಡೆಯುತ್ತಿದೆಯೆಂದು ವಿಚಾರಿಸುವುದಿಲ್ಲ.

ಹೀಗೆ ಮುಚ್ಚಿಟ್ಟುಕೊಳ್ಳುವ ಕಾಯಿಲೆಗಳಲ್ಲಿ ಕರುಳಿನ ದೀರ್ಘಕಾಲದ ಉರಿಯೂತವೂ ಒಂದು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ‘ಅಲ್ಸರೇಟಿವ್ ಕೊಲೈಟಿಸ್’ ದೊಡ್ಡಕರುಳಿನ ಒಳಪದರದಲ್ಲಿ ಹುಣ್ಣು ಮಾಡುತ್ತದೆ. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಕ್ರೋನ್ ಮತ್ತು ಅವರ ಸಂಗಡಿಗರು ವಿವರಿಸಿದ ‘ಕ್ರೋನ್ಸ್’ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಅದು ಕರುಳಿನ ಗೋಡೆಯ ಪೂರ್ಣ ದಪ್ಪವನ್ನೇ ತಿನ್ನುತ್ತದೆ. ಎರಡೂ ಸಾಂಕ್ರಾಮಿಕವಲ್ಲ. ಎರಡೂ ಹೆಚ್ಚಾಗಿ ಎಳೆಯ ಪ್ರಾಯದಲ್ಲಿಯೇ ತಲೆದೋರುತ್ತವೆ.

ಈ ರೋಗದ ಮೋಸವಿರುವುದು ಅದು ಕೆರಳಿದಾಗ ಅಲ್ಲ, ಶಾಂತವಾದಾಗ. ಔಷಧಿಯಿಂದ ರಕ್ತ ನಿಲ್ಲುತ್ತದೆ, ಹಸಿವು ಮರಳುತ್ತದೆ, ‘ಗುಣವಾಯಿತು’ ಎಂದು ಮಾತ್ರೆ ಬಿಟ್ಟುಬಿಡುತ್ತಾರೆ. ಆದರೆ ಹೊರಗೆ ಸದ್ದಿಲ್ಲದಿದ್ದರೂ ಕರುಳಿನ ಗೋಡೆಯಲ್ಲಿ ಉರಿ ಉಳಿದಿರಬಹುದು. ಕ್ರೋನ್ಸ್ ರೋಗಿಗಳಲ್ಲಿ ವರ್ಷಗಳು ಕಳೆದಂತೆ ಕರುಳು ಅಲ್ಲಲ್ಲಿ ಕಿರಿದಾಗಿ ಆಹಾರ ಸಾಗದಂತಾಗುವುದು, ಕೀವುಗಡ್ಡೆ ಕಟ್ಟುವುದು, ಕೊನೆಗೆ ಶಸ್ತ್ರಚಿಕಿತ್ಸೆಗೆ ಬರುವುದು ಈ ದಾರಿಯಲ್ಲಿಯೇ. ಆದ್ದರಿಂದ ರೋಗಿಯ ಮಾತನ್ನು ಕೇಳಿದರೆ ಸಾಲದು, ಕರುಳನ್ನೇ ನೋಡಬೇಕು. ಒಮ್ಮೆ ನೋಡಿದರೆ ಸಾಲದು, ಮತ್ತೆ ಮತ್ತೆ ನೋಡಬೇಕು.

ತೊಡಕು ಇರುವುದು ಇಲ್ಲಿಯೇ. ಗುದದ ಮೂಲಕ ನಳಿಕೆ ಹಾಯಿಸಿ ನೋಡುವ ಕೊಲೊನೋಸ್ಕೋಪಿ ಈ ರೋಗಕ್ಕೆ ಮುಖ್ಯ ಪರೀಕ್ಷೆ. ಅದಕ್ಕೆ ಹಿಂದಿನ ದಿನದಿಂದಲೇ ಭೇದಿ ಔಷಧಿ ಕುಡಿದು ಹೊಟ್ಟೆ ಖಾಲಿ ಮಾಡಿಕೊಳ್ಳಬೇಕು. ಖರ್ಚು ಇದೆ, ಸಂಕೋಚ ಅದಕ್ಕಿಂತ ಹೆಚ್ಚಿದೆ. ಒಮ್ಮೆ ಮಾಡಿಸಿಕೊಂಡವರು ಎರಡನೆಯ ಸಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ, ಅವರನ್ನು ದೂಷಿಸುವಂತಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ವಿಕಿರಣ ಉಂಟು. ಎಳೆಯರಿಗೆ ಪದೇ ಪದೇ ಮಾಡುವುದು ತರವಲ್ಲ. ಎಂ.ಆರ್.ಐ.ಯಲ್ಲಿ ವಿಕಿರಣವಿಲ್ಲ, ಆದರೆ ವೆಚ್ಚ ಹೆಚ್ಚು.

ಇವುಗಳ ನಡುವೆ ಈಗ ಹಳೆಯ ಅಲ್ಟ್ರಾಸೌಂಡ್ ಯಂತ್ರವೇ ಹೊಸ ಕೆಲಸಕ್ಕೆ ಬಂದಿದೆ. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಗಡ್ಡೆಗಳನ್ನು ಶಬ್ದತರಂಗಗಳಿಂದ ಗುರುತಿಸಿದ ವರದಿ ಪ್ರಕಟಿಸಿದಂದಿನಿಂದ ಈ ವಿದ್ಯೆ ಬೆಳೆದಿದೆ. ಆದರೆ ಕರುಳಿನಲ್ಲಿ ಗಾಳಿ ತುಂಬಿರುವುದರಿಂದ ಅಲ್ಲಿ ಏನೂ ಕಾಣದು ಎಂಬ ನಂಬಿಕೆ ಬಹುಕಾಲ ಇತ್ತು. ಹೆಚ್ಚು ಆವೃತ್ತಿಯ ಸೂಕ್ಷ್ಮವಾದ ಪ್ರೋಬ್‌ಗಳು ಬಂದ ಮೇಲೆ ಕರುಳಿನ ಗೋಡೆಯ ಪದರಗಳನ್ನು ಒಂದೊಂದಾಗಿ ಕಾಣಬಹುದಾಗಿದೆ. ಆರೋಗ್ಯವಂತರಲ್ಲಿ ಈ ಗೋಡೆಯ ದಪ್ಪ ಸಾಮಾನ್ಯವಾಗಿ 3 ಮಿಲಿಮೀಟರನ್ನು ಮೀರುವುದಿಲ್ಲ. ಉರಿಯೂತವಿದ್ದರೆ ಗೋಡೆ ಊದಿಕೊಳ್ಳುತ್ತದೆ, ಪದರಗಳ ಗೆರೆ ಅಳಿಸಿಹೋಗುತ್ತದೆ, ಸುತ್ತಲಿನ ಕೊಬ್ಬು ಉಬ್ಬುತ್ತದೆ. ಡಾಪ್ಲರ್ ವಿಧಾನದಲ್ಲಿ ನೋಡಿದರೆ ಗೋಡೆಯೊಳಗೆ ರಕ್ತಸಂಚಾರ ಹೆಚ್ಚಿರುವುದು ಬಣ್ಣದ ಚುಕ್ಕೆಗಳಾಗಿ ಕಾಣುತ್ತದೆ. ಭೇದಿ ಔಷಧಿ ಬೇಡ, ಅರಿವಳಿಕೆ ಬೇಡ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲಿ ಸವರಿ ಪ್ರೋಬ್ ಆಡಿಸುವುದಷ್ಟೇ. ಪರದೆಯನ್ನು ರೋಗಿಯೂ ನೋಡಬಹುದು. ತನ್ನ ಕರುಳು ಇನ್ನೂ ಊದಿಕೊಂಡಿರುವುದನ್ನು ಕಣ್ಣಾರೆ ಕಂಡವನಿಗೆ ಮಾತ್ರೆ ಬಿಡಬೇಡವೆಂದು ಬೇರೆ ಹೇಳಬೇಕಾದೀತೆ?

ಈ ಪರೀಕ್ಷೆ ನಂಬತಕ್ಕದ್ದೆ ಎಂಬ ಪ್ರಶ್ನೆ ಸಹಜ. ಬ್ರಿಟನ್ನಿನ 8 ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಣ್ಣಕರುಳಿನಲ್ಲಿ ಕ್ರೋನ್ಸ್ ಇದ್ದ ನೂರು ಮಂದಿಯಲ್ಲಿ ಎಂ.ಆರ್.ಐ. 97 ಮಂದಿಯನ್ನು ಗುರುತಿಸಿದರೆ ಅಲ್ಟ್ರಾಸೌಂಡ್ 92 ಮಂದಿಯನ್ನು ಗುರುತಿಸಿತು. ರೋಗ ಎಲ್ಲಿಯವರೆಗೆ ಹಬ್ಬಿದೆ ಎಂದು ಹೇಳುವುದರಲ್ಲಿ ಎಂ.ಆರ್.ಐ.ಯೇ ಮೇಲು. ಜರ್ಮನಿಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಅಲ್ಸರೇಟಿವ್ ಕೊಲೈಟಿಸ್ ಕೆರಳಿದವರಿಗೆ ಚಿಕಿತ್ಸೆ ಆರಂಭಿಸಿದ ಎರಡು ವಾರಗಳಲ್ಲಿಯೇ ಗೋಡೆಯ ದಪ್ಪ ಇಳಿಯತೊಡಗುವುದನ್ನು ತೋರಿಸಿತು. ಔಷಧಿ ನಾಟುತ್ತಿದೆಯೇ ಇಲ್ಲವೇ ಎಂದು ತಿಂಗಳುಗಟ್ಟಲೆ ಕಾಯದೆ ತಿಳಿಯುವುದು ಸಣ್ಣ ಮಾತಲ್ಲ. ದುಬಾರಿ ಚುಚ್ಚುಮದ್ದು ತೆಗೆದುಕೊಳ್ಳುವವರಿಗಂತೂ ಇದರ ಬೆಲೆ ಗೊತ್ತು.

ಆದರೆ ಎಲ್ಲವೂ ಇದರಿಂದ ಆಗದು. ಗುದನಾಳದ ಭಾಗ ಒಳಗೆ ಆಳದಲ್ಲಿರುವುದರಿಂದ ಸರಿಯಾಗಿ ಕಾಣುವುದಿಲ್ಲ. ದಪ್ಪ ಮೈಯವರಲ್ಲಿ ನೋಡುವುದು ಕಷ್ಟ. ಮೊದಲ ಬಾರಿ ರೋಗವನ್ನು ನಿಶ್ಚಯಿಸಲು ಕೊಲೊನೋಸ್ಕೋಪಿ ಮಾಡಿ ತುಣುಕು ತೆಗೆದು ಪರೀಕ್ಷಿಸಲೇಬೇಕು. ನಮ್ಮ ದೇಶದಲ್ಲಿ ಇದು ಇನ್ನೂ ಅಗತ್ಯ. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಸಣ್ಣಕರುಳು ದೊಡ್ಡಕರುಳನ್ನು ಸೇರುವ ಜಾಗದಲ್ಲಿಯೇ ಹೆಚ್ಚಾಗಿ ಕೂರುತ್ತವೆ, ನೋಡಲಿಕ್ಕೂ ಒಂದೇ ತೆರ. ಕ್ಷಯವನ್ನು ಕ್ರೋನ್ಸ್ ಎಂದು ತಿಳಿದು ಸ್ಟೀರಾಯ್ಡ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ಹಲವು ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್ ಇರುವವರಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ ಸಂಭವ ಹೆಚ್ಚು. ಅದರ ತಪಾಸಣೆಗೂ ಕೊಲೊನೋಸ್ಕೋಪಿಯೇ ಬೇಕು.

ಇನ್ನೊಂದು ಮಾತನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಬೀದಿಗೊಂದರಂತಿರುವ ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ‘ಹೊಟ್ಟೆಯ ಸ್ಕ್ಯಾನ್’ ಮಾಡಿಸಿ ‘ನಾರ್ಮಲ್’ ಎಂಬ ವರದಿ ತಂದು ನೆಮ್ಮದಿಪಡುವವರು ಬಹಳ. ಆ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ನೋಡುವುದು ಯಕೃತ್ತು, ಪಿತ್ತಕೋಶ, ಮೂತ್ರಪಿಂಡ, ಗರ್ಭಕೋಶಗಳನ್ನು. ಕರುಳಿನ ಗೋಡೆಯನ್ನು ಭಾಗಭಾಗವಾಗಿ ಅಳೆದು ನೋಡುವುದು ಬೇರೆಯೇ ಕೆಲಸ. ಅದಕ್ಕೆ ಪ್ರತ್ಯೇಕ ತರಬೇತಿ ಬೇಕು. ವರದಿಯಲ್ಲಿ ಕರುಳಿನ ಗೋಡೆಯ ದಪ್ಪವನ್ನು ನಮೂದಿಸಿಲ್ಲವಾದರೆ ಕರುಳನ್ನು ಅಳೆದಿಲ್ಲವೆಂದೇ ಇಟ್ಟುಕೊಂಡು ವೈದ್ಯರನ್ನು ಕೇಳುವುದು ಲೇಸು.

ಜರ್ಮನಿ, ಇಟಲಿಗಳಲ್ಲಿ ಕರುಳಿನ ವೈದ್ಯರು ಎಷ್ಟೋ ಕಡೆ ತಾವೇ ಪ್ರೋಬ್ ಹಿಡಿದು ನೋಡಿ ಆಗಲೇ ಔಷಧಿ ನಿಶ್ಚಯಿಸುತ್ತಾರೆ. ನಮ್ಮಲ್ಲಿ ಅದು ಅಷ್ಟು ಸುಲಭವಲ್ಲ. ಹೆಣ್ಣು ಭ್ರೂಣಹತ್ಯೆಯನ್ನು ತಡೆಯಲು 1994ರಲ್ಲಿ ಬಂದ ಕಾಯಿದೆಯಂತೆ ಪ್ರತಿಯೊಂದು ಅಲ್ಟ್ರಾಸೌಂಡ್ ಯಂತ್ರವೂ, ಅದಿರುವ ಸ್ಥಳವೂ ನೋಂದಣಿಯಾಗಿರಬೇಕು, ನಡೆಸುವವರು ನಿಗದಿತ ಅರ್ಹತೆ ಪಡೆದಿರಬೇಕು. ಹೆಣ್ಣುಮಕ್ಕಳನ್ನು ಉಳಿಸಲು ಈ ಬಿಗಿ ಬೇಕೇ ಬೇಕು. ಅದರ ನಡುವೆಯೇ ಕರುಳಿನ ವೈದ್ಯರಿಗೂ ದಾರಿ ಸುಗಮವಾಗಬೇಕಾಗಿದೆ.

ಈ ರೋಗವಿರುವ ಹೆಣ್ಣುಮಗಳು ಗರ್ಭಿಣಿಯಾದರೆ ಹಿರಿಯರು ಮಾಡುವ ಮೊದಲ ಕೆಲಸ ಮಾತ್ರೆ ಬಿಡಿಸುವುದು. ಇದರಲ್ಲಿ ಪ್ರೀತಿಯಿದೆ, ಆದರೆ ಅಪಾಯವೂ ಇದೆ. ಬಸುರಿನಲ್ಲಿ ರೋಗ ಕೆರಳಿದರೆ ಅಕಾಲ ಹೆರಿಗೆಯ ಸಂಭವ ಹೆಚ್ಚುತ್ತದೆ. ಯಾವ ಔಷಧಿ ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಈ ಸಮಯದಲ್ಲಿ ವಿಕಿರಣವಿಲ್ಲದೆ ಕರುಳನ್ನು ನೋಡಲು ಅಲ್ಟ್ರಾಸೌಂಡ್ ಅನುಕೂಲ. ಕೊನೆಯ ತಿಂಗಳುಗಳಲ್ಲಿ ಮಾತ್ರ ಗರ್ಭ ಬೆಳೆದು ಕರುಳು ಮರೆಯಾಗುತ್ತದೆ.

ಮತ್ತಿಕೆರೆಯವರಿಗೆ ದೊಡ್ಡ ಆಸ್ಪತ್ರೆ ದೂರವಿಲ್ಲ. ಊರಿನ ಹೆಸರನ್ನೇ ತಮ್ಮ ಹೆಸರಿನ ಮೊದಲಕ್ಷರದಲ್ಲಿ ಹೊತ್ತಿದ್ದ ಎಂ.ಎಸ್. ರಾಮಯ್ಯನವರ ಹೆಸರಿನ ವೈದ್ಯಕೀಯ ಕಾಲೇಜು 1979ರಿಂದ ಪಕ್ಕದಲ್ಲಿಯೇ ಇದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ ಮತ್ತು ಕರುಳಿನ ರೋಗಗಳಿಗೆಂದೇ ಸರ್ಕಾರದ ಸಂಸ್ಥೆಯಿದೆ. ಹೋಗುವಾಗ ಹಳೆಯ ವರದಿಗಳು, ತುಣುಕು ಪರೀಕ್ಷೆಯ ಫಲಿತಾಂಶ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಜೊತೆಯಲ್ಲಿರಲಿ; ನಾಟಿ ಔಷಧಿ ನಡೆಯುತ್ತಿದ್ದರೆ ಅದನ್ನೂ ಮರೆಮಾಚದೆ ವೈದ್ಯರಿಗೆ ತಿಳಿಸಿರಿ.